ಕುಂಭಾರಿಯ ಅಂಗಳದಲ್ಲಿ ನಾಲ್ಕು ಫರಸಿ

ಹುಲ್ಲಿಗೆ ದಾರಿ ಬಿಟ್ಟು ಸುತ್ತಿ ಹೋಗುವ ಮನುಷ್ಯರನ್ನು ನಾನು ಮೊದಲ ಸಲ ಕಂಡದ್ದು ಸೊಲ್ಲಾಪುರದ ಬಳಿಯ ಕುಂಭಾರಿಯಲ್ಲಿ. ಮೈಸೂರಿನಿಂದ ಬಂದ ಮರುದಿನ, ಕೆಲಸಕ್ಕೆಂದು ಸೊಲ್ಲಾಪುರದ ಬಸ್ಸು ಹಿಡಿಯುವ ಅವಸರದಲ್ಲಿ ಅಂಗಳಕ್ಕೆ ಕಾಲಿಟ್ಟೆ. ಮನೆಯೊಡತಿ ಕಮಲಾಬಾಯಿ ಕೈ ಹಿಡಿದು ನಿಲ್ಲಿಸಿದರು.

"ಅಕ್ಕಾರ, ಈ ಕಡಿಯಿಂದ ಬರ್ರಿ. ಅಲ್ಲಿ ಹುಲ್ಲ ಈಗ ಮೊಳಿಯಾಕತ್ತೈತಿ."

ನನಗೆ ನಗು ಬಂತು. ನಮ್ಮಲ್ಲಿ ಹುಲ್ಲು ಕಿತ್ತು, ನೀರು ಚಿಮುಕಿಸಿ, ರಂಗೋಲಿ ಬಿಟ್ಟರೇನೇ ಅದು ಅಂಗಳ. ಆ ವಾರವೇ ಕೆಸರಿನಲ್ಲಿ ಜಾರಿಬಿದ್ದು ಮಣಿಕಟ್ಟು ಉಳುಕಿತು. "ಸಿಮೆಂಟು ಹಾಕಿಸಿಬಿಡಿ" ಎಂದು ರೇಗಿದೆ. ಅವರು ಹುಲ್ಲನ್ನೊಮ್ಮೆ, ನನ್ನ ಕೈಯನ್ನೊಮ್ಮೆ ನೋಡಿದರು.

"ವರ್ಷಾವಾಸ ಮುಗೀಲಿ, ಹಾಕಸ್ತೀನಿ."

ಅವರದು ಬೌದ್ಧ ಕುಟುಂಬ. ವರ್ಷಾವಾಸವೆಂದರೆ ಭಿಕ್ಷುಗಳು ಊರೂರು ತಿರುಗದೆ ಒಂದೇ ಕಡೆ ನೆಲೆನಿಲ್ಲುವ ಮಳೆಗಾಲದ ಮೂರು ತಿಂಗಳು. ಆಗ ಸಂಜೆ ವಿಹಾರದಲ್ಲಿ ಮರಾಠಿಯಲ್ಲಿ ಗ್ರಂಥ ಓದುತ್ತಾರೆ. ಹೊತ್ತು ಹೋಗದ ಒಂಟಿ ಜೀವ, ಮರಾಠಿಯಾದರೂ ಬಂದೀತೆಂದು ನಾನೂ ಹೋಗತೊಡಗಿದೆ. ಭಂತೇಜಿ, ಅಂದರೆ ಅಲ್ಲಿಯ ಭಿಕ್ಷು, ಕಾರಣ ಬಿಡಿಸಿ ಹೇಳಿದರು: ಮಳೆಯಲ್ಲಿ ತಿರುಗಾಡಿದರೆ ಎಳೆ ಮೊಳಕೆ, ಸಣ್ಣ ಹುಳ ಕಾಲಡಿ ಸಾಯುತ್ತವೆ. ಹುಲ್ಲಿಗೋಸ್ಕರ ಮನುಷ್ಯ ಪ್ರಯಾಣ ನಿಲ್ಲಿಸುವುದೆಂದರೆ! ನನಗೆ ಮೈ ಜುಮ್ಮೆಂದಿತು. ಸೊಲ್ಲಾಪುರದಿಂದ ಮರಳುವ ಅಕ್ಕಲಕೋಟದ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹರಕುಮುರುಕು ಮರಾಠಿಯಲ್ಲಿ ಅದನ್ನೇ ಹೇಳಿದೆ. ಅವರಿಗೆ ಗೊತ್ತಿದ್ದದ್ದೇ, ಪಾಪ, ಕೇಳಿಸಿಕೊಂಡರು.

ಆದರೆ ಈ ಸಲ ಮಳೆ, ಮೊದಲ ವಾರ ಸುರಿದು ಮಾಯವಾದದ್ದು, ಆಶ್ವಿನ ಹುಣ್ಣಿಮೆಗೆ ವರ್ಷಾವಾಸ ಮುಗಿದ ಮೇಲೆ ಧೋ ಎಂದು ಬಂತು. ಒಣಗಿದ್ದ ಅಂಗಳ ಮತ್ತೆ ಮೊಳೆಯಿತು. ಪತ್ರಿಕೆಯಲ್ಲಿ ಓದಿ ಮಡಚಿಡುತ್ತಿದ್ದ ಹವಾಮಾನ ಬದಲಾವಣೆ ನನ್ನ ಹೊಸ್ತಿಲ ಮುಂದೆಯೇ ಇತ್ತು.

ಮಳೆ ನಿಂತು ಹೊಳವಾದ ದಿನ ಗಾರೆ ಕೆಲಸದ ಗವಂಡಿ ಬಂದ.

"ವರ್ಷಾವಾಸ ಮುಗೀತಲ್ರಿ ಬಾಯಾರ, ಚಾಲೂ ಮಾಡ್ಲೇನ್ರಿ?"

"ಮಾತ ಕೊಟ್ಟೀನಿ. ಮಾಡು." ಕಮಲಾಬಾಯಿ ಅಂಗಳದ ಕಡೆ ನೋಡಲೇ ಇಲ್ಲ.

ನನಗೆ ತಡೆಯಲಾಗಲಿಲ್ಲ. "ಬ್ಯಾಡ್ರಿ," ಎಂದೆ. ಆ ಸೀಮೆಯ ಮಾತು ನನ್ನ ಬಾಯಿಗೆ ಯಾವಾಗ ಬಂದಿತ್ತೋ! "ಹುಣ್ಣಿಮಿ ಮುಗದೈತಿ, ಮಳಿ ಮುಗದಿಲ್ಲ. ನಡಿಯಾಕ ನಾಕ ಫರಸಿ ಹಾಕ್ರಿ, ಸಾಕು."

ಗವಂಡಿ ಹುಲ್ಲಿಗೆ ಜಾಗ ಬಿಟ್ಟು ನಾಲ್ಕು ಚಪ್ಪಡಿ ಹಾಸಿದ. ಕಮಲಾಬಾಯಿ ಕಣ್ಣೊರೆಸಿಕೊಂಡು, "ತಂಗಿ, ಬಾ, ಚಹಾ ಕುಡಿ" ಎಂದರು. ಆ ದಿನವಿಡೀ ನನ್ನ ಕಾಲು ನೆಲದ ಮೇಲಿರಲಿಲ್ಲ.

ದೀಪಾವಳಿಗೆ ಮೈಸೂರಿಗೆ ಹೋದೆ. ಗೇಟಿನಿಂದ ಬಾಗಿಲವರೆಗೂ ಸಿಮೆಂಟು, ಹಾಕಿಸಿದವಳು ನಾನೇ. ಬಾಗಿಲಲ್ಲಿ ಅಮ್ಮ ಕಾದಿದ್ದರು. ಓಡಿಹೋಗಿ ಅವರನ್ನು ತಬ್ಬಿಕೊಳ್ಳುವ ಆಸೆ ಎಷ್ಟಿತ್ತೋ, ಹಾರೆ ಹುಡುಕುವ ಆಸೆಯೂ ಅಷ್ಟೇ ಇತ್ತು.