ಸರ್ವಮಂಗಳಮ್ಮನ ಒಂದು ದಿನದ ಲೈಸೆನ್ಸು

ಹೊಳಲ್ಕೆರೆಯ ಸರ್ವಮಂಗಳ ಮೊಟ್ಟೆಯನ್ನೂ ಒಳಗೆ ತರದ ಮನೆಯ ಹೆಣ್ಣುಮಗಳು. ತೊಂಬತ್ತಮೂರರಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಳಿಗೆ ಮಾಡಿಕೊಟ್ಟಿದ್ದೇ ನೆಪವಾಗಿ, ಹತ್ತು ವರ್ಷದಲ್ಲಿ ಸುತ್ತಲಿನ ಮದುವೆ, ಸೀಮಂತ, ನಾಮಕರಣ ಯಾವುದಿದ್ದರೂ ಅಡುಗೆ ಅವಳದೇ ಎನ್ನುವಂತಾಗಿತ್ತು. ಅವಳ ಕೈಕೆಳಗೆ ಹನ್ನೊಂದು ಹೆಂಗಸರು. ಅವರಲ್ಲಿ ಹಿರಿಯಳು ಬೊಮ್ಮಕ್ಕ. ಮಾಂಸದ ಅಡುಗೆ ಕೇಳಿದವರಿಗೆ ಬೇರೆ ಒಲೆ, ಬೇರೆ ಪಾತ್ರೆ ಹೂಡಿ ಕುರಿ ಸಾರು ಮಾಡುತ್ತಿದ್ದವಳು ಅವಳೇ. ಆ ಒಲೆಯ ಕಡೆ ಸರ್ವಮಂಗಳ ಹೋಗುತ್ತಿರಲಿಲ್ಲ. ಹಾಗಂತ ಮೂಗನ್ನೂ ಮುಚ್ಚಿಕೊಳ್ಳುತ್ತಿರಲಿಲ್ಲ.

ಎರಡು ಸಾವಿರದ ಮೂರರಲ್ಲಿ ಹೊಸದುರ್ಗದ ಕಡೆಯ ಗುಡ್ಡಸಾಲಿಗೆ ಕರೆಂಟು ತೆಗೆಯುವ ಗಾಳಿ ಫ್ಯಾನುಗಳು ಬಂದವು. ರೆಕ್ಕೆ ಹೊತ್ತ ಉದ್ದನೆಯ ಲಾರಿಗಳು ತಿರುವಿನಲ್ಲಿ ಸಿಕ್ಕಿಕೊಂಡು ದಿನಗಟ್ಟಲೆ ನಿಲ್ಲುತ್ತಿದ್ದವು. ಕಂಪನಿಯವರು ಗುಡ್ಡದ ಬುಡದಲ್ಲಿ ಶೆಡ್ಡು ಹಾಕಿ, ಎಂಬತ್ತು ಜನರ ಮೆಸ್ಸನ್ನು ಸರ್ವಮಂಗಳಳಿಗೆ ಒಪ್ಪಿಸಿದರು. ಮದುವೆಯ ಕಾಲದಲ್ಲಿ ಮಾತ್ರ ಕೆಲಸ ಕಂಡಿದ್ದ ಹೆಂಗಸರಿಗೆ ಆಷಾಢದಲ್ಲೂ ದುಡಿಮೆ ಸಿಕ್ಕಿತು. ಬೊಮ್ಮಕ್ಕ ಮನೆಗೆ ತಗಡಿನ ಚಾವಣಿ ಹಾಕಿಸಿದಳು.

ಎರಡು ವರ್ಷ ಕಳೆದು ಕೊನೆಯ ಫ್ಯಾನೂ ಎದ್ದು ನಿಂತಿತು. ಶೆಡ್ಡಿನ ಉಸ್ತುವಾರಿಯಲ್ಲಿದ್ದ ಹಿರಿಯೂರಿನ ಹುಡುಗ ಚೇತನ್‌ಕುಮಾರ್ ಒಂದು ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಅಡುಗೆಮನೆಗೆ ಬಂದ.

"ಅಮ್ಮಾ, ಕೆಲಸ ಮುಗಿದಿದ್ದಕ್ಕೆ ಮುಂದಿನ ತಿಂಗಳು ದೊಡ್ಡ ಊಟ. ಚೆನ್ನೈಯಿಂದ, ಹೊರದೇಶದಿಂದ ಬರ್ತಾರೆ. ಊಟದ ಜೊತೆ ಡ್ರಿಂಕ್ಸೂ ಇರುತ್ತೆ. ಅದೂ ನಿಮ್ಮಿಂದಲೇ ಆಗಬೇಕು."

"ನನ್ನಿಂದನಾ? ಮಜ್ಜಿಗೆ ಕೊಡ್ತೀನಿ, ಪಾನಕ ಕೊಡ್ತೀನಿ. ಅದನ್ನ ನೀವು ತಂದು ನೀವೇ ಹಂಚ್ಕಳ್ರಿ."

"ಹಂಗೆ ಮಾಡಿದ್ದಕ್ಕೇ ಹೋದ ವರ್ಷ ಐಮಂಗಲದ ಆಚೆ ಸೈಟಲ್ಲಿ ಕೇಸಾಯ್ತು. ಅಬಕಾರಿಯವರು ಪೆಟ್ಟಿಗೆಗಟ್ಟಲೆ ಬಾಟ್ಲಿ ಎತ್ಕೊಂಡು ಹೋದ್ರು, ಮ್ಯಾನೇಜರ್ ಕೋರ್ಟು ಅಲೆದ್ರು. ಈಗ ಊಟ ಬಡಿಸೋರೇ ಲೈಸೆನ್ಸ್ ತಗೋಬೇಕು ಅಂತ ಮೇಲಿನವರ ಹುಕುಂ." ಅವನು ಕರಾರಿನ ಪ್ರತಿ ತೆಗೆದು ತೋರಿಸಿದ. 'ಊಟ-ಉಪಚಾರದ ಸಕಲ ವ್ಯವಸ್ಥೆ' ಎಂಬ ಸಾಲಿನ ಕೆಳಗೆ ಅವಳದೇ ಸಹಿ. "ಫ್ಯಾನ್ ನೋಡ್ಕೊಳ್ಳೋರು ಇಲ್ಲೇ ಇರ್ತಾರೆ, ಮಾರ್ಚಲ್ಲಿ ಮೆಸ್ಸಿನ ಕರಾರು ಹೊಸದಾಗಿ ಆಗಬೇಕು. ನೆನಪಿರಲಿ ಅಮ್ಮಾ."

ಗಂಡ ಏಕಾಂತಪ್ಪ ಶೇಂಗಾ ಮಂಡಿಯಲ್ಲಿ ಲೆಕ್ಕ ಬರೆಯುವವನು. ಸೋಮವಾರ ತಪ್ಪದೆ ಮಠಕ್ಕೆ ಹೋಗುವವನು. ವಿಷಯ ಕೇಳಿ ತುತ್ತನ್ನು ತಟ್ಟೆಯಲ್ಲೇ ಬಿಟ್ಟ.

"ಸ್ವಾಮೇರು ಕೇಳಿದ್ರೆ ನಾನೇನು ಹೇಳ್ಲಿ?"

"ಆ ಹನ್ನೊಂದು ಜನ ಕೇಳಿದ್ರೆ ನಾನೇನು ಹೇಳ್ಲಿ, ಅದನ್ನ ಮೊದ್ಲು ಹೇಳ್ರಿ," ಎಂದಳು. ಅವನು ಕೈ ತೊಳೆದುಕೊಂಡು ಎದ್ದ. ಆಮೇಲೆ ತಿಂಗಳುಗಟ್ಟಲೆ ಆ ಮನೆಯಲ್ಲಿ ಉಪ್ಪು ಬೇಕು, ನೀರು ಬೇಕು ಎನ್ನುವುದರ ಆಚೆಗೆ ಮಾತು ನಡೆಯಲಿಲ್ಲ.

ಜಿಲ್ಲಾಕೇಂದ್ರವಾದ ದುರ್ಗದ ಅಬಕಾರಿ ಕಚೇರಿಯಲ್ಲಿ ಗುಮಾಸ್ತ ಶಿವಕುಮಾರಪ್ಪ ಅವಳ ಹಣೆಯ ವಿಭೂತಿಯನ್ನೂ ಅರ್ಜಿಯನ್ನೂ ಮತ್ತೆ ಮತ್ತೆ ನೋಡಿದರು. ಒಳ್ಳೆಯ ಮನುಷ್ಯ, ನಿವೃತ್ತಿಗೆ ಹತ್ತಿರದವರು.

"ಕುಂತ್ಕಳ್ರಿ ಅಮ್ಮ. ಯಾರ ಹೆಸರಿಗೆ ಇದು?"

"ನನ್ನ ಹೆಸರಿಗೆ."

"ಯಜಮಾನ್ರು ಬಂದಿಲ್ವಾ?"

"ಅಡುಗೆ ಮಾಡೋಳು ನಾನು. ಅವರ್ಯಾಕೆ ಬರಬೇಕು?"

ಅವರು ನಗಲಿಲ್ಲ. ಒಂದು ದಿನದ ಲೈಸೆನ್ಸು ಅಂತ ಇದೆ, ಸಿಗುತ್ತದೆ, ಆದರೆ ಕಾಗದ ಸರಿಯಾಗಿರಬೇಕು ಎಂದು ಒಂದೊಂದಾಗಿ ಹೇಳುತ್ತಾ ಹೋದರು. ಊಟದ ಜಾಗ ಯಾರದೋ ಅವರ ಒಪ್ಪಿಗೆ ಛಾಪಾ ಕಾಗದದಲ್ಲಿ ಬೇಕು, ಪಹಣಿ ಬೇಕು, ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಚಕ್ಕುಬಂದಿ ಬರೆದ ನಕ್ಷೆ ಬೇಕು. ನೂರು ಮೀಟರಿನೊಳಗೆ ಗುಡಿಯಾಗಲಿ ಶಾಲೆಯಾಗಲಿ ಇಲ್ಲವೆಂದು ಪೊಲೀಸರು ಬರೆದುಕೊಡಬೇಕು. ಬಾಟಲಿಗಳನ್ನು ಅದೇ ತಾಲ್ಲೂಕಿನ ಯಾವ ಬಾರಿನಿಂದ ಕೊಳ್ಳುತ್ತೀರೋ ಆ ಬಾರಿನವರ ಪತ್ರವೂ ಜೊತೆಗಿರಬೇಕು.

"ಒಂದು ದಿನಕ್ಕೆ ಇಷ್ಟೊಂದಾ ಸರ್?"

"ಅಂಗಡಿ ಆದ್ರೆ ಗೋಡೆ ಇರತಾವೆ ಅಮ್ಮ. ನಿಮ್ಮದು ಬಯಲು. ಬಯಲಿಗೆ ಕಾಗದದಾಗೇ ಗೋಡೆ ಕಟ್ಟಬೇಕು."

ಶಾಮಿಯಾನ ಹಾಕಬೇಕೆಂದಿದ್ದ ಹೊಲ ಜುಂಜಮ್ಮನದು. ಆ ಮುದುಕಿ ಕುರಿಹಟ್ಟಿಯ ಮುಂದೆ ಕುಳಿತು ಎಲ್ಲ ಕೇಳಿಸಿಕೊಂಡಳು.

"ನೀನು ಕುಡೀತೀಯೇನವ್ವ?"

"ಇಲ್ಲ."

"ನಿನ್ನ ಗಂಡ?"

"ಇಲ್ಲ."

"ಮತ್ಯಾಕೆ ಹಿಂಗೆ ಓಡಾಡ್ತೀಯ?"

ಸರ್ವಮಂಗಳ ಒಪ್ಪಿಗೆಯ ಕಾಗದವನ್ನು ಅವಳ ಮುಂದೆ ಹಾಸಿದಳು. ದಾರಿಯುದ್ದಕ್ಕೂ ತನಗೆ ತಾನೇ ಕೇಳಿಕೊಂಡು ಬಂದಿದ್ದ ಪ್ರಶ್ನೆ ಅದು. "ಮೆಸ್ಸು ಕೈತಪ್ಪಿದ್ರೆ ನಮ್ಮೋರು ಮತ್ತೆ ಕೂಲಿಗೆ ಹೋಗಬೇಕಮ್ಮ," ಎಂದಳು. ಜುಂಜಮ್ಮ ಹೆಬ್ಬೆಟ್ಟು ಮುಂದೆ ಚಾಚಿದಳು.

ಜುಂಜಮ್ಮನ ಹಟ್ಟಿ ಹೊಸದುರ್ಗ ತಾಲ್ಲೂಕಿಗೆ ಸೇರಿದ್ದು. ಹಾಗಾಗಿ ಸರ್ವಮಂಗಳ ಹೊಸದುರ್ಗಕ್ಕೆ ಹೋಗಿ ಎರ್ರಿಸ್ವಾಮಿಯ ಬಾರಿನ ಪಕ್ಕದ ಬೀಡಾ ಅಂಗಡಿಯ ಮುಂದೆ ನಿಂತು ಹೇಳಿಕಳಿಸಿದಳು. ಅವನು ಲುಂಗಿ ಸರಿಮಾಡಿಕೊಳ್ಳುತ್ತಾ ಹೊರಗೆ ಬಂದು, ಅಲ್ಲೇ ಸೋಡಾ ಪೆಟ್ಟಿಗೆಯ ಮೇಲೆ ಕಾಗದ ಇಟ್ಟು ಪತ್ರ ಬರೆದುಕೊಟ್ಟ. ಒಳಗಿದ್ದವರು ಬಾಗಿಲ ಪರದೆ ಸರಿಸಿ ನೋಡುತ್ತಿದ್ದರು. ಒಂದು ಕೆಲಸ ಮುಗಿಯಿತೆಂದುಕೊಂಡು ಅವಳು ಮರುದಿನವೇ ದುರ್ಗದ ಬಸ್ಸು ಹತ್ತಿದಳು.

ಶಿವಕುಮಾರಪ್ಪ ಪಹಣಿಯ ಮೇಲೆ ಬೆರಳಿಟ್ಟರು. "ಹಟ್ಟಿ ಹೊಸದುರ್ಗಕ್ಕೆ ಸೇರೈತೆ ನಿಜ. ಹೊಲದ ಸರ್ವೆ ನಂಬರು ಹೊಳಲ್ಕೆರೆಗೆ ಬರತೈತೆ. ಈ ಪತ್ರ ನಡೆಯಲ್ಲಮ್ಮ."

"ನಡುವೆ ಒಂದು ಬೇಲಿ ಐತೆ ಅಷ್ಟೇ ಸರ್. ಕೋಳಿ ದಾಟತಾವೆ."

"ಕೋಳಿಗೆ ಲೈಸೆನ್ಸು ಬೇಕಿಲ್ಲಲ್ಲ," ಎಂದರು. ಅಂದ ಮೇಲೆ ಅವರಿಗೇ ಕಸಿವಿಸಿಯಾಗಿ ಕಡತದಲ್ಲಿ ಮುಖ ಹುದುಗಿಸಿದರು.

ಹೊಸದುರ್ಗದಲ್ಲಿ ಅವಳ ಗುರುತಿನವರು ಇರಲಿಲ್ಲ. ಹೊಳಲ್ಕೆರೆಯಲ್ಲಿ ಹಾಗಲ್ಲ, ಯಾವ ಮನೆಯ ಮದುವೆಗೆ ಎಷ್ಟು ಸೇರು ಬೇಳೆ ಬೇಯಿಸಿದ್ದೆ ಎಂದು ಬೀದಿಯುದ್ದಕ್ಕೂ ಹೇಳಬಲ್ಲಳು. ಅಂಥ ಬೀದಿಯಲ್ಲಿ ಹಾಡಹಗಲು ಬಾರಿನ ಮೆಟ್ಟಿಲ ಹತ್ತಿರ ನಿಂತಾಗ, ಎದುರಿನ ಬಟ್ಟೆ ಅಂಗಡಿಯಲ್ಲಿದ್ದ ಬೀಗಿತ್ತಿಯೊಬ್ಬಳು ಕಂಡೂ ಕಾಣದವಳಂತೆ ಮುಖ ತಿರುವಿದಳು. ಸರ್ವಮಂಗಳ ಪತ್ರ ಇಸಿದುಕೊಂಡು, ಸೆರಗು ಹೊದ್ದು, ತಲೆ ಬಗ್ಗಿಸದೆ ಆ ಅಂಗಡಿಯ ಮುಂದಿನಿಂದಲೇ ನಡೆದು ಬಂದಳು.

ಆಮೇಲೆ ಜಾಗ ನೋಡಲು ಬಂದ ಪೊಲೀಸಪ್ಪ ಹೊಲದ ಮೂಲೆಯ ಬನ್ನಿಮರದ ಕಡೆ ಕೈ ತೋರಿಸಿದ. ಮರದ ಕೆಳಗೆ ಮೊಣಕಾಲೆತ್ತರದ ಒಂದು ಭೂತಪ್ಪನ ಕಲ್ಲು. ಸುತ್ತ ನಾಲ್ಕು ಚಪ್ಪಡಿ.

"ಗುಡಿ ಐತಲ್ರಿ."

"ಅದು ಗುಡಿ ಅಲ್ಲ ಸರ್, ಕಲ್ಲು. ಈ ಭೂತಪ್ಪಂಗೆ ಎಡೆ ಇಡೋದೇ ಸಾರಾಯಿನ," ಎಂದಳು ಬೊಮ್ಮಕ್ಕ.

"ಅವನಿಗೆ ಇಡ್ರಿ. ಕಾಗದದಾಗೆ ಮಾತ್ರ ನೂರು ಮೀಟರ್ ತೋರಿಸ್ರಿ."

ಸೇದುವ ಹಗ್ಗ ತಂದು ಇಬ್ಬರೂ ಬಿಸಿಲಲ್ಲಿ ಅಳೆದರು. ಬೊಮ್ಮಕ್ಕ ಕಲ್ಲಿನ ಹತ್ತಿರ ಹಗ್ಗದ ತುದಿ ಒತ್ತಿ ಹಿಡಿದು ಕುಳಿತಳು. ಸರ್ವಮಂಗಳ ಇನ್ನೊಂದು ತುದಿ ಹಿಡಿದು ಹುರುಳಿಯ ಕೂಳೆ ತುಳಿಯುತ್ತಾ ನಡೆದಳು. ಎಪ್ಪತ್ತೆರಡು ಮೀಟರಿಗೆ ಶಾಮಿಯಾನದ ಗೂಟ ಬಂತು. ಗೂಟವನ್ನು ಮೂವತ್ತು ಮೀಟರ್ ಆಚೆಗೆ ಸರಿಸಿದ್ದಾಯಿತು. ಜಾಗ ಸರಿದದ್ದರಿಂದ ಚಕ್ಕುಬಂದಿ ಬದಲಾಯಿತು, ಚಕ್ಕುಬಂದಿ ಬದಲಾದ್ದರಿಂದ ನಕ್ಷೆ ಬದಲಾಯಿತು, ನಕ್ಷೆ ಬದಲಾದ್ದರಿಂದ ಒಪ್ಪಿಗೆ ಪತ್ರವನ್ನೂ ಹೊಸದಾಗಿ ಬರೆಸಬೇಕಾಯಿತು.

"ಎಷ್ಟು ಸಲ ಒತ್ತಬೇಕವ್ವ? ಬೆರಳು ಸವೀತೈತೆ," ಎಂದಳು ಜುಂಜಮ್ಮ.

ಊಟದ ದಿನವನ್ನು ಗ್ರಾಮ ಪಂಚಾಯಿತಿ ಚುನಾವಣೆ ಮುಗಿದ ಮೇಲೆಯೇ ಇಟ್ಟಿದ್ದರು. ಚುನಾವಣೆಯ ಹೊತ್ತಿನಲ್ಲಿ ಮದ್ಯ ಬಂದ್ ಇರುತ್ತದೆಂದು ಎಲ್ಲರಿಗೂ ಗೊತ್ತು. ಶುಕ್ರವಾರದ ಊಟಕ್ಕೆ ಬುಧವಾರ ಮಧ್ಯಾಹ್ನ ಲೈಸೆನ್ಸು ಕೈಗೆ ಬಂತು. ದಪ್ಪ ಕಾಗದ, ದುಂಡನೆ ಮೊಹರು, 'ಶ್ರೀಮತಿ ಸರ್ವಮಂಗಳ, ಸಂಜೆ ಏಳರಿಂದ ಹನ್ನೊಂದರವರೆಗೆ'. ಅವಳಿಗೆ ನಿಜಕ್ಕೂ ಖುಷಿಯಾಯಿತು. ಏಳನೇ ತರಗತಿ ಪಾಸಾದ ಕಾಗದ ಬಿಟ್ಟರೆ ಸರ್ಕಾರ ಅವಳ ಹೆಸರು ಬರೆದು ಕೊಟ್ಟಿದ್ದು ಇದೊಂದೇ.

ಶಿವಕುಮಾರಪ್ಪ ಮಾತ್ರ ತಲೆ ಎತ್ತಲಿಲ್ಲ.

"ಒಂದು ಮಾತು ಅಮ್ಮ. ನಿಮ್ಮ ಕಡೆ ಒಂದು ಊರಾಗೆ ಮತಪತ್ರ ಅದಲುಬದಲು ಆಗೈತಂತೆ. ಭಾನುವಾರ ಮರುಮತದಾನ. ಶುಕ್ರವಾರ ಸಂಜೆ ಐದರಿಂದ ತಾಲ್ಲೂಕಿನಾಗೆ ಬಂದ್. ಬೆಳಿಗ್ಗೆ ಆದೇಶ ಬಂತು."

ಅವಳು ಕೈಯಲ್ಲಿದ್ದ ಕಾಗದವನ್ನು ನೋಡಿದಳು. "ಮತ್ತೆ ಇದನ್ನ ಯಾಕೆ ಕೊಟ್ರಿ?"

"ಅದಕ್ಕೆ ಸೋಮವಾರವೇ ಸಹಿ ಆಗಿತ್ತು. ಸಹಿ ಆದದ್ದನ್ನ ಕೊಡದೆ ಇಟ್ಕಳೋ ಹಂಗಿಲ್ಲ."

"ಮಧ್ಯಾಹ್ನಕ್ಕೇ ಊಟ ಇಟ್ಟುಬಿಡ್ತೀವಿ ಸರ್. ಐದರ ಒಳಗೆ ಎಲ್ಲಾ ಮುಗಿಸ್ತೀವಿ."

"ಲೈಸೆನ್ಸಿನಾಗೆ ಏಳರಿಂದ ಅಂತ ಐತೆ. ವೇಳೆ ಬದಲಿಸೋಕೆ ಹೊಸ ಅರ್ಜಿ ಕೊಡಬೇಕು. ಮತ್ತೆ ಪೊಲೀಸ್ನೋರ ಪತ್ರ ಬೇಕು." ಅವರು ಮೇಜಿನ ಮೇಲಿದ್ದ ತಮ್ಮ ನೀರಿನ ಲೋಟವನ್ನು ಅವಳ ಕಡೆ ಸರಿಸಿದರು. ಅವಳು ಕುಡಿಯಲಿಲ್ಲ.

ಚೇತನ್‌ಕುಮಾರ್ ಮೊದಲು ತಲೆಯ ಮೇಲೆ ಕೈಹೊತ್ತು ಕುಳಿತ. ಆಮೇಲೆ ದನಿ ತಗ್ಗಿಸಿದ.

"ಬಂದವರು ಶನಿವಾರ ಬೆಳಿಗ್ಗೆ ಹೊರಟುಬಿಡ್ತಾರೆ ಅಮ್ಮ. ಸ್ಟೀಲ್ ಲೋಟದಲ್ಲಿ ಕೊಟ್ಟುಬಿಡೋಣ. ಗುಡ್ಡದ ಬುಡಕ್ಕೆ ಯಾರು ಬರ್ತಾರೆ? ಬಂದ್ರೂ ಕೈಯಲ್ಲಿ ಲೈಸೆನ್ಸ್ ಇದೆಯಲ್ಲ."

ಅವನ ಮಾತಿನಲ್ಲಿ ಹುರುಳಿರಲಿಲ್ಲ ಎಂದಲ್ಲ. ಆರು ವಾರ ಅಲೆದಿದ್ದು ಇದಕ್ಕಾಗಿಯೇ. ಹೌದು ಎಂದುಬಿಡಲು ಬಾಯಿ ತುದಿಗೆ ಬಂದಿತ್ತು. ಆದರೆ ಜೀಪು ಬಂದರೆ ಠಾಣೆಗೆ ಹೋಗುವುದು ಲೋಟ ಹಿಡಿದು ನಿಂತ ಬೊಮ್ಮಕ್ಕ, ಕಂಪನಿಯವರಲ್ಲ.

"ಕದ್ದು ಕೊಡೋದೇ ಆಗಿದ್ರೆ ಅವತ್ತೇ ಕದ್ದು ಕೊಡ್ತಿದ್ದೆ. ಇಷ್ಟು ಕಾಗದ ಯಾಕೆ ಹೊರ್ತಿದ್ದೆ? ಆಗಲ್ಲ ಸರ್."

"ಮಾರ್ಚ್ ಬಗ್ಗೆ ಯೋಚನೆ ಮಾಡಿ ಅಮ್ಮ."

"ಮಾಡೇ ಹೇಳ್ತಿದೀನಿ."

ಶುಕ್ರವಾರ ನೂರಿಪ್ಪತ್ತು ಎಲೆ ಬಿದ್ದವು. ಬೇಳೆ ಹೋಳಿಗೆ, ಮುಳುಗಾಯಿ ಎಣ್ಣೆಗಾಯಿ, ರಾಗಿಮುದ್ದೆ, ಆಚೆ ಒಲೆಯ ಕುರಿ ಸಾರು, ಒಂದಕ್ಕೂ ಹೆಸರಿಡುವಂತಿರಲಿಲ್ಲ. ಹೊರದೇಶದ ಒಬ್ಬ ಮುದಿ ಎಂಜಿನಿಯರು ಹೋಳಿಗೆ ಮೂರು ಸಲ ಕೇಳಿ ತಿಂದ. ಉಳಿದ ದೊಡ್ಡವರು ಮಜ್ಜಿಗೆಯ ಲೋಟ ಮೂಸಿ ನೋಡಿ ಕೆಳಗಿಟ್ಟರು. ಎಂಟೂವರೆಗೆಲ್ಲ ಕಾರುಗಳು ದಾವಣಗೆರೆಯ ದಿಕ್ಕಿಗೆ ಹೊರಟವು. ಶಾಮಿಯಾನದಲ್ಲಿ ಕುರ್ಚಿಗಳು ಖಾಲಿ. ಸರ್ವಮಂಗಳ ಹನ್ನೊಂದರವರೆಗೂ ಕಾದಳು. ಪರೀಕ್ಷೆ ಮಾಡಲು ಯಾರೂ ಬರಲಿಲ್ಲ.

"ಒಂದು ಜೀಪಾದ್ರೂ ಬರಬಾರದಾಗಿತ್ತೇನಕ್ಕ," ಎಂದಳು ಬೊಮ್ಮಕ್ಕ, ಉಳಿದ ಸಾರನ್ನು ಕೊಡಕ್ಕೆ ಬಗ್ಗಿಸುತ್ತಾ. ಸರ್ವಮಂಗಳ ಲೈಸೆನ್ಸನ್ನು ಮಡಿಸಿ ಚೀಲಕ್ಕೆ ಹಾಕಿದಳು. ಅವಳೂ ಅದನ್ನೇ ಬಯಸುತ್ತಿದ್ದಳು.

ಮಾರ್ಚಿನಲ್ಲಿ ಮೆಸ್ಸು ಒಂದು ಹೋಟೆಲಿನವರ ಪಾಲಾಯಿತು. 'ಎಲ್ಲ ಬಗೆಯ ಲೈಸೆನ್ಸು ಇರುವವರು' ಎಂದು ಕಾರಣ ಬರೆದಿದ್ದರು. ನಾಲ್ವರು ಹೆಂಗಸರು ಶಾಲೆಯ ಬಿಸಿಯೂಟಕ್ಕೆ ಸೇರಿಕೊಂಡರು, ಮೂವರು ಕೂಲಿಗೆ ಹೋದರು. ಬೊಮ್ಮಕ್ಕ ಮತ್ತು ಇನ್ನು ಮೂವರು ಸರ್ವಮಂಗಳಳ ಜೊತೆಗೇ ಉಳಿದರು.

ಏಪ್ರಿಲಿನಲ್ಲಿ ಅಬಕಾರಿ ಕಚೇರಿಯಿಂದ ಒಂದು ಪತ್ರ ಬಂತು. ಲೈಸೆನ್ಸು ಪಡೆದವರು ಎಷ್ಟು ಮಾರಿದರೆಂದು ಬರೆದು ಕಳಿಸಬೇಕೆಂಬ ನಿಯಮದಂತೆ ಅವಳು ಸೊನ್ನೆ ಎಂದು ಬರೆದು ಕಳಿಸಿದ್ದಳು. ಲೈಸೆನ್ಸು ಇದ್ದೂ ಸೊನ್ನೆ ಏಕೆ, ಏಳು ದಿನದೊಳಗೆ ಕಾರಣ ತಿಳಿಸತಕ್ಕದ್ದು ಎಂದಿತ್ತು.

ಏಕಾಂತಪ್ಪ ಆ ಪತ್ರವನ್ನು ಎರಡು ಸಲ ಓದಿದ. ಆಮೇಲೆ ಕನ್ನಡಕ ತೆಗೆದು, ಎಷ್ಟೋ ದಿನದ ಮೇಲೆ ಹೆಂಡತಿಯ ಮುಖ ನೋಡಿ ಮಾತಾಡಿದ.

"ನಾನು ಬರೆದುಕೊಡ್ಲಾ?"

"ಬ್ಯಾಡ್ರಿ. ಅರ್ಜಿ ಹಾಕಿದೋಳು ನಾನು."

ಅವನು ಎದ್ದು ಹೋಗಲಿಲ್ಲ. ದೀಪ ಹತ್ತಿರಕ್ಕೆ ಸರಿಸಿ ಅಲ್ಲೇ ಕುಳಿತ. ಅವಳು ದುಂಡಗೆ ಬರೆದಳು: 'ಆ ದಿನ ಕೊಡಲು ನಿಮ್ಮ ಅಪ್ಪಣೆಯೂ ಇತ್ತು, ಕೊಡಬಾರದೆಂಬ ನಿಮ್ಮ ಆದೇಶವೂ ಇತ್ತು. ಎರಡನ್ನೂ ಪಾಲಿಸಲು ನನ್ನಿಂದ ಆಗಲಿಲ್ಲ. ಒಂದನ್ನು ಪಾಲಿಸಿದೆ. ಆದ್ದರಿಂದ ಸೊನ್ನೆ.'

ಅದಕ್ಕೆ ಉತ್ತರ ಬರಲಿಲ್ಲ. ಬಸವ ಜಯಂತಿ ಕಳೆದು ಮದುವೆಗಳು ಶುರುವಾದವು. ಮದಕರಿಪುರದ ಒಂದು ಮನೆಯವರು ಆರು ನೂರು ಜನರ ಅಡುಗೆಗೆ ವೀಳ್ಯ ಕೊಡಲು ಬಂದಾಗ, ಸರ್ವಮಂಗಳ ಎಲೆಯಡಿಕೆ ಮುಟ್ಟುವ ಮೊದಲು ಕರಾರಿನ ಚೀಟಿಯನ್ನು ಕೊನೆಯ ಸಾಲಿನವರೆಗೂ ಓದಿದಳು. ಅಲ್ಲಿದ್ದ 'ಇತ್ಯಾದಿ' ಎಂಬ ಒಂದು ಪದವನ್ನು ಅವರೆದುರಿಗೇ ಹೊಡೆದುಹಾಕಿ, ಆಮೇಲೆ ಸಹಿ ಮಾಡಿದಳು.