ಮಗ್ಗ ನಿಂತ ಬುಧವಾರ

ರಬಕವಿಯೊಳಗ ಯಾರ ಮನ್ಯಾಗ ಪ್ರಾರ್ಥನಾ ಕೂಟ ಇದ್ರೂ ಸಾಕ್ಷಿ ಹೇಳಾಕ ಮೊದಲ ಎದ್ದು ನಿಲ್ಲಾಕಿ ನಾನ. ಜ್ವರ ಬಿಟ್ಟಿದ್ದು, ಸೀರಿಗೆ ಗಿರಾಕಿ ಸಿಕ್ಕಿದ್ದು, ಎಲ್ಲಾನೂ ದೇವರು ಮಾಡಿದ್ದು ಅಂತ ಹೇಳತಿದ್ದೆ. ಯಾರರೆ ಅತ್ತರ, 'ನಿಮಗ ವಿಶ್ವಾಸ ಕಡಿಮಿ ಆಗೇತಿ' ಅಂತ ಮಾರಿಗೆ ಹೊಡದಂಗ ಅಂದು ಬಿಡತಿದ್ದೆ. ಮಗಳನ್ನ ಮಣ್ಣಿಗೆ ಕೊಟ್ಟು ಬಂದ ಓಣಿ ಅಕ್ಕಗೂ ಅದನ್ನ ಅಂದಿದ್ದೆ.

ಹೋದ ವರ್ಷ ಮಳಿಗಾಲದಾಗ ನಮ್ಮ ಮನಿಯವರಿಗೆ ಲಕ್ವಾ ಹೊಡೀತು. ಬಲಗೈ ಬಿತ್ತು, ಮಾತು ತೊದಲಿತು. ಜಮಖಂಡಿ ದವಾಖಾನಿಯಿಂದ ಮನಿಗೆ ತಂದ ಮ್ಯಾಲೆ ಮೊಣಕಾಲೂರಿ ಬೇಡಿದೆ, ಉಪವಾಸ ಹಿಡದೆ. ಏನೂ ಆಗಲಿಲ್ಲ. ಖರೆ ಹೇಳತೇನಿ, ದೇವರ ಮ್ಯಾಲೆ ಸಿಟ್ಟು ಬಂತು. ಪ್ರಾರ್ಥನಿಗೆ ಕುಂತರ ಒಂದ ಮಾತೂ ಬರದಂಗಾತು.

ಬುಧವಾರ ಮಧ್ಯಾಹ್ನ ಸಭಿ ಹೆಣ್ಣಮಕ್ಕಳು ಪ್ರಾರ್ಥನಿ ಮಾಡಾಕ ನಮ್ಮ ಮನಿಗೆ ಬರಾಕತ್ತಿದರು. ಅಷ್ಟೆಲ್ಲಾ ದೊಡ್ಡ ಮಾತಾಡಿದಾಕಿ ಈಗ ಯಾವ ಮಾರಿ ತೋರಿಸಲಿ? ಅವರು ಓಣಿ ತಿರುಗೂದು ಕಂಡ ಕೂಡಲೆ ಬಾಗಲಾ ಹಾಕಿ ಮಗ್ಗ ಚಾಲೂ ಮಾಡತಿದ್ದೆ. ಪಾವರ್‌ಲೂಮ್ ಸದ್ದಿನಾಗ ಬಾಗಲಾ ಬಡದದ್ದು ಕೇಳಂಗಿಲ್ಲ ಅನ್ನೂದು ನಮ್ಮೂರಾಗ ಎಲ್ಲಾರಿಗೂ ಗೊತ್ತು. ಯಾರೂ ತಪ್ಪು ತಿಳಕೊಳ್ಳಂಗಿಲ್ಲ. ಅವರು ಒಂದಿಷ್ಟು ಹೊತ್ತು ಕಟ್ಟಿ ಮ್ಯಾಲೆ ನಿಂತು ಹೋಗತಿದ್ದರು.

ಒಂದ ಬುಧವಾರ ಅವರಿನ್ನೂ ಕಟ್ಟಿ ಮ್ಯಾಲಿದ್ದಾಗನ ಕರೆಂಟ್ ಹೋತು. ಮಗ್ಗ ಗಪ್ಪನ ನಿಂತತು. ಒಳಗಿನ ಖೋಲಿಯಿಂದ ನಮ್ಮ ಮನಿಯವರ ದನಿ ಬಂತು.

'ಬರ್ರಿ... ಒಳಗ... ಬರ್ರಿ...'

ಗಂಟಲ ಹರಿಯೂವಂಗ ಒದರಾಕತ್ತಿದ್ದರು. ಓಡಿ ಹೋದೆ.

'ಎಲ್ಲಾ ಬುಧವಾರನೂ... ಕರದೆ,' ಅಂದರು. 'ನಿನ್ನ ಮಗ್ಗ...' ಮುಂದ ಮಾತು ಹೊಂಡಲಿಲ್ಲ.

ಭೂಮಿ ಬಾಯಿ ಬಿಟ್ಟು ನನ್ನ ನುಂಗಬಾರದಾ ಅನಿಸ್ತು. ನನ್ನ ಮಾರಿ ಮುಚ್ಚಿಕೊಳ್ಳಾಕ ಹೋಗಿ ಅವರ ದನಿ ಮುಚ್ಚಿದ್ದೆ.

ಬಾಗಲಾ ತಗದೆ. ಮುಂದ ನಿಂತಾಕಿ ಅದ ಓಣಿ ಅಕ್ಕ. 'ವಂದನಿರಿ ಅಕ್ಕಾ,' ಅಂದು ಒಳಗ ಬಂದು, ನಮ್ಮ ಮನಿಯವರ ಬಿದ್ದ ಕೈ ಹಿಡಕೊಂಡು ಕುಂತಳು. 'ಪ್ರಾರ್ಥನಿ ನೀವ ಮಾಡ್ರಿ,' ಅಂದಳು.

'ನನಗ ಬರವಲ್ದು.'

'ಹಂಗಂತನ ದೇವರಿಗೆ ಹೇಳ್ರಿ. ಮಗಳು ಹೋದಾಗ ನಾನೂ ಅದನ್ನ ಹೇಳಿದ್ದೆ.'

ತಲಿ ಎತ್ತಾಕ ಆಗಲಿಲ್ಲ ನನಗ. 'ಅಪ್ಪಾ, ನನಗ ಬರವಲ್ದು,' ಅಂದೆ. ಅಷ್ಟ ನನ್ನ ಪ್ರಾರ್ಥನಿ. ನಮ್ಮ ಮನಿಯವರು 'ಆಮೆನ್' ಅನ್ನಾಕ ಭಾಳ ಹೊತ್ತು ತಗೊಂಡರು. ಅವರದು ಮುಗಿಯೂತನಾ ನಾವು ಯಾರೂ ಕಣ್ಣು ತಗೀಲಿಲ್ಲ.