ಹಂಸಳ ಏಕಾದಶಿ ಮತ್ತು ಬಕ್‌ವೀಟ್ ಟೀ

ಥ್ರೋಬಾಲ್ ಎಂದರೆ ನಮ್ಮ ಹಂಸಳಿಗೆ ಪ್ರಾಣ. ಹೊಳೆನರಸೀಪುರದ ಸರ್ಕಾರಿ ಪ್ರೌಢಶಾಲೆಯಲ್ಲಿ ಅವಳು ಕನ್ನಡ, ನಾನು ಗಣಿತ. ಹಾಸನದಲ್ಲಿ ನಡೆಯುವ ಸರ್ಕಾರಿ ನೌಕರರ ಕ್ರೀಡಾಕೂಟಕ್ಕೆ ಹತ್ತೊಂಬತ್ತು ವರ್ಷದಿಂದ ಅವಳೇ ನಮ್ಮ ತಾಲ್ಲೂಕಿನ ಕ್ಯಾಪ್ಟನ್, ನಾನು ಬೆಂಚಿನ ಮೇಲಿನ ಬದಲಿ ಆಟಗಾರ್ತಿ. ಒಮ್ಮೆಯೂ ಕಪ್ ಬಂದಿಲ್ಲ. ಇನ್ನು ಮೂರು ತಿಂಗಳಿಗೆ ನಿವೃತ್ತಿ. "ಇದೇ ಕೊನೇದು, ಬಿಡಲ್ಲ ಕಣೆ ಗಂಗಾ" ಎಂದು ದಿನಾ ನನ್ನ ತಲೆ ತಿನ್ನುತ್ತಿದ್ದಳು.

ಕಳೆದ ವರ್ಷ ಸೆಮಿಫೈನಲ್‌ನಲ್ಲಿ ಎದುರು ತಂಡದವಳೊಬ್ಬಳು "ಆ ದಪ್ಪಕ್ಕನ ಕಡೆ ಹಾಕ್ರೇ, ಬಗ್ಗಕ್ಕಾಗಲ್ಲ" ಎಂದು ಕೂಗಿದ್ದು ಅವಳಿಗೆ ಚೆನ್ನಾಗಿ ನಾಟಿತ್ತು. ಯಾವುದೋ ವಿಡಿಯೋ ನೋಡಿ ಬಕ್‌ವೀಟ್ ಟೀ ತರಿಸಿದಳು. ಹುರಿದ ಕಾಳು, ಬಿಸಿನೀರಿಗೆ ಹಾಕಿದರೆ ಒಳ್ಳೇ ಘಮ. ಎರಡು ತಿಂಗಳಲ್ಲಿ ಮೂರು ಕಿಲೋ ಇಳಿದಾಗ ಅವಳ ಕುಣಿತ ನೋಡಬೇಕಿತ್ತು! ಮೊಣಕೈ ಮೇಲೆ ಕೆಂಪು ದದ್ದು ಎದ್ದಿತ್ತು. ಕೇಳಿದರೆ "ಸೊಳ್ಳೆ" ಎನ್ನುತ್ತಿದ್ದಳು. ಮಟಮಟ ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದು ಇವಳೊಬ್ಬಳನ್ನೇ ಕಚ್ಚುವ ಸೊಳ್ಳೆ ಯಾವುದೋ!

ಈ ವರ್ಷ ಫೈನಲ್ ತಲುಪಿಬಿಟ್ಟೆವು. ಎದುರು ಚನ್ನರಾಯಪಟ್ಟಣ. ಆ ದಿನ ಏಕಾದಶಿ. ಹಂಸ ಮದುವೆಯಾದಾಗಿನಿಂದ ಏಕಾದಶಿ ಅನ್ನ ಮುಟ್ಟಿದವಳಲ್ಲ. "ಇದು ಧಾನ್ಯ ಅಲ್ವಂತೆ ಕಣೆ, ಬೀಜ. ಉಪವಾಸಕ್ಕೂ ಆಯ್ತು, ತೂಕಕ್ಕೂ ಆಯ್ತು" ಎಂದು ದೊಡ್ಡ ಫ್ಲಾಸ್ಕ್ ತುಂಬಿಸಿಕೊಂಡೇ ಬಸ್ ಹತ್ತಿದಳು. ಶುಗರ್ ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗಿ ಬಂದಿದ್ದಳು. ನನಗೆ ಗೊತ್ತಿದ್ದರೆ ಬಸ್ಸಲ್ಲೇ ಗ್ರಹಚಾರ ಬಿಡಿಸುತ್ತಿದ್ದೆ.

ಅಬ್ಬಾ, ಆ ಆಟ! ಒಂದು ಸೆಟ್ ಅವರದು, ಒಂದು ನಮ್ಮದು. ಮೂರನೆಯದರಲ್ಲಿ ಹದಿನಾಲ್ಕು-ಹದಿನಾಲ್ಕು. ಗೆಲ್ಲಲು ಒಂದೇ ಪಾಯಿಂಟ್ ಬೇಕು, ಸರ್ವ್ ಹಂಸಳದು. ಸ್ಟೇಡಿಯಂನಲ್ಲಿ ಶಿಳ್ಳೆಯೋ ಶಿಳ್ಳೆ. ಚೆಂಡು ಹಿಡಿದವಳ ಕೈ ಗಡಗಡ ನಡುಗಿತು. ಹಣೆಯಿಂದ ಬೆವರು ಇಳಿಯಿತು. ಅಲ್ಲೇ ಕುಸಿದಳು. ನಾನು ಬೆಂಚಿನಿಂದ ಚೀಲ ಸಮೇತ ಓಡಿದೆ.

ಪ್ರಥಮ ಚಿಕಿತ್ಸೆಗೆ ಬಂದಿದ್ದ ನರ್ಸ್ ಸ್ನೇಹಲತಾ ಓಡಿಬಂದು ಬೆರಳು ಚುಚ್ಚಿ ನೋಡಿದಳು. ಶುಗರ್ ಬರೀ ಐವತ್ತನಾಲ್ಕು.

"ಬೆಳಿಗ್ಗೆ ಏನ್ ತಿಂದ್ರಿ ಮೇಡಂ?"

"ಟೀ. ಏಳು ಲೋಟ."

"ಮಾತ್ರೆ ತಗೊಂಡು ಖಾಲಿ ಹೊಟ್ಟೇಲಿ ಆಡಕ್ಕೆ ಬಂದ್ಬುಟ್ರಾ? ತಕ್ಷಣ ಏನಾದ್ರೂ ಸಿಹಿ ಕೊಡಿ."

ನನ್ನ ಚೀಲದಲ್ಲಿದ್ದ ಬಾಳೆಹಣ್ಣು ಸುಲಿದು ಹಿಡಿದೆ. ಹಂಸ ಬಾಯಿ ಬಿಗಿಹಿಡಿದಳು. ನನಗೆ ಸಿಟ್ಟು ನೆತ್ತಿಗೇರಿತು.

"ಏಕಾದಶಿಗೆ ಹಣ್ಣು ಆಗುತ್ತಲ್ಲೇ! ಯಾವ ದೇವರು ಬೇಡ ಅಂದ?"

"ಏಕಾದಶಿಗೆ ಆಗುತ್ತೆ ಕಣೆ," ಎಂದಳು ಮೆಲ್ಲಗೆ, "ತೂಕಕ್ಕೆ ಆಗಲ್ಲ."

ಬಾಯಿ ತೆರೆದಿದ್ದೇ ಸಾಕಾಯಿತು, ಹಣ್ಣು ತುರುಕಿದೆ. ಒಂದಲ್ಲ, ಎರಡು. ಮುಖಕ್ಕೆ ಬಣ್ಣ ಬಂತು. ಎಬ್ಬಿಸಿ ಗೆರೆಯಾಚೆ ಕುರ್ಚಿಯಲ್ಲಿ ಕೂರಿಸಿದೆವು. ಸ್ನೇಹಲತಾ ದದ್ದನ್ನೂ ನೋಡಿದಳು. "ಟೀ ಏನ್ ವಿಷ ಅಲ್ಲ. ಆದ್ರೆ ಕೆಲವ್ರಿಗೆ ಅದು ಒಗ್ಗಲ್ಲ. ಇವತ್ತಿಂದ ನಿಲ್ಲಿಸಿ, ಡಾಕ್ಟ್ರಿಗೆ ತೋರಿಸಿ. ಈಗ ಆಡಂಗಿಲ್ಲ."

ಹಂಸ ಹಟ ಮಾಡುತ್ತಾಳೆಂದೇ ಅಂದುಕೊಂಡಿದ್ದೆ. ಹತ್ತೊಂಬತ್ತು ವರ್ಷ ಕಾದವಳು ಆ ಒಂದು ಪಾಯಿಂಟ್ ಬಿಟ್ಟಾಳೆಯೇ? ಅವಳು ನಡುಗುವ ತನ್ನ ಕೈಯನ್ನೊಮ್ಮೆ ನೋಡಿಕೊಂಡಳು. ಆಮೇಲೆ ಚೆಂಡನ್ನು ನನ್ನ ಮಡಿಲಿಗೆ ಹಾಕಿದಳು.

"ಎಡಗಡೆ ಮೂಲೆ ಖಾಲಿ ಬಿಡ್ತಾರೆ. ಅಲ್ಲಿಗೇ ಹಾಕು."

ನನ್ನ ಸರ್ವ್ ನೆಟ್ ದಾಟಿದರೆ ಅದೇ ದೊಡ್ಡದು. ಆದರೂ ಕಣ್ಣುಮುಚ್ಚಿ ಎಡಮೂಲೆಗೆ ಎಸೆದೆ. ಇಬ್ಬರು ನುಗ್ಗಿದರು, ಇಬ್ಬರ ಕೈಗೂ ಸಿಗಲಿಲ್ಲ. ಚೆಂಡು ಗೆರೆಯೊಳಗೇ ಬಿತ್ತು!

ನಾವೆಲ್ಲ ಕಿರುಚಾಡುತ್ತಿದ್ದೆವು. ತಿರುಗಿ ನೋಡಿದರೆ ಹಂಸ ಕುರ್ಚಿಯಲ್ಲೇ ಕೂತು, ಎರಡೂ ಕೈ ಮೇಲೆತ್ತಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಓಡಿಹೋಗಿ ತಬ್ಬಿಕೊಂಡೆ. ನನ್ನ ಎರಡು ತೋಳಿಗೂ ಸಾಲದಷ್ಟು ಹಂಸ ಇನ್ನೂ ಇದ್ದಳು. ಸದ್ಯ, ಇದ್ದಳು.